ಒಲೆಗೆ ಹೋದ ಬೀಜದ ಕುಳ್ಳು

ಟೊಮೆಟೊ ಹೇಗಿರಬೇಕು ಎಂದು ನನ್ನನ್ನು ಕೇಳಿದರೆ ಹೇಳುವುದು ಇಷ್ಟೇ. ಈಳಿಗೆಗೆ ತಾಗಿಸಿದ ಕೂಡಲೇ ಅದು ತಾನೇ ಬಿಚ್ಚಿಕೊಳ್ಳಬೇಕು, ರಸ ಮುಂಗೈ ಮೇಲೆ ಹರಿಯಬೇಕು. ನಾಲಿಗೆಗೆ ಮುಟ್ಟಿಸಿದರೆ ಮೊದಲು ಹುಳಿ, ಅದರ ಬೆನ್ನಿಗೆ ಸಿಹಿ ಬಂದು ಕಿವಿಯ ಬುಡ ಜುಮ್ಮೆನ್ನಬೇಕು. ಸವದತ್ತಿ ಸಂತೆಯಲ್ಲಿ ಈಗ ಸಿಗುವಂಥವು ಬುಟ್ಟಿಯಿಂದ ಬಿದ್ದರೆ ಪುಟಿಯುತ್ತವೆ. ಸಾರಿಗೆ ಹಾಕಿದರೆ ಸಿಪ್ಪೆ ಬೇರೆ, ನೀರು ಬೇರೆ. ಹುಳಿ ಸಾಲದೆಂದು ಮತ್ತೆ ಹುಣಸೆಹಣ್ಣು ಹಿಂಡುವುದಾದರೆ ಟೊಮೆಟೊ ಯಾಕೆ ತರಬೇಕು, ಹುಣಸೆಹಣ್ಣೇ ಸಾಕಲ್ಲ.

ನಮ್ಮ ಮನೆಯಲ್ಲಿ ಬೆಳೆಯುತ್ತಿದ್ದದ್ದು ಜವಾರಿ. ನೋಡಲು ಚಂದವಿಲ್ಲ. ಸಣ್ಣ ಕುಂಬಳಕಾಯಿಯ ಮೇಲೆ ಯಾರೋ ಕುಳಿತೆದ್ದ ಹಾಗೆ ಚಪ್ಪಟೆ, ಮೈತುಂಬ ಗೆರೆ, ತೊಟ್ಟಿನ ಸುತ್ತ ಬಿರುಕು. ಬೆಳಗ್ಗೆ ಕಿತ್ತರೆ ಸಂಜೆಗೆ ಮೆತ್ತಗಾಗುತ್ತದೆ. ಬಸ್ಸಿನಲ್ಲಿ ಸವದತ್ತಿ ತನಕ ಒಯ್ದರೆ ಬುಟ್ಟಿಯಲ್ಲಿ ಹಣ್ಣಿರುವುದಿಲ್ಲ, ಸಾರು ಇರುತ್ತದೆ. ಅದಕ್ಕೇ ಊರವರು ಒಬ್ಬೊಬ್ಬರಾಗಿ ಅದನ್ನು ಬಿಟ್ಟು ಗಟ್ಟಿ ಸಿಪ್ಪೆಯ ಪಾಕೀಟು ಬೀಜ ತಂದರು. ತಪ್ಪೆನ್ನುವುದಿಲ್ಲ, ಮಾರುವವರಿಗೆ ಸಾಗಾಟ ತಾಳುವ ಹಣ್ಣೇ ಬೇಕು. ತೊಂಬತ್ತರ ದಶಕ ಅರ್ಧ ದಾಟುವ ಹೊತ್ತಿಗೆ ಸಿರಸಂಗಿ ಸುತ್ತಿನ ನಮ್ಮ ಹಳ್ಳಿಯಲ್ಲಿ ಜವಾರಿ ಬೀಜ ಉಳಿದದ್ದು ನಮ್ಮ ಮನೆಯಲ್ಲಿ ಮಾತ್ರ. ಇನ್ನೊಂದು ಕಡೆ ಇತ್ತು. ರಾಮದುರ್ಗದ ಕಡೆ ಕಟಕೋಳಕ್ಕೆ ಕೊಟ್ಟಿದ್ದ ನನ್ನ ನಾದಿನಿಯ ಹಿತ್ತಲಲ್ಲಿ. ಅವಳು ಮದುವೆಯಾಗಿ ಹೋಗುವಾಗ ನನ್ನ ಅತ್ತೆ ಮಗಳ ಉಡಿಯಲ್ಲಿ ಅಕ್ಕಿ ಕೊಬ್ಬರಿಯ ಜೊತೆ ಆ ಬೀಜವನ್ನೂ ಕಟ್ಟಿ ಕಳಿಸಿದ್ದಳು.

ಬೀಜ ಇಡುವ ಪದ್ಧತಿಯೂ ಅತ್ತೆಯದೇ. ಮಾಘದ ಚಳಿಯಲ್ಲಿ ಗಿಡದ ನಡುವಿನ ಗೊಂಚಲಿನಿಂದ ತುಂಬಿದ ಒಂದು ಹಣ್ಣು ಆರಿಸಬೇಕು. ಅದರ ತಿರುಳನ್ನು ಎರಡು ದಿನ ಕುಡಿಕೆಯಲ್ಲಿ ಹುಳಿ ಬಿಟ್ಟು, ತೊಳೆದು, ಬೀಜವನ್ನು ಬೂದಿಯಲ್ಲಿ ಹೊರಳಿಸಿ, ಹಸಿ ಸಗಣಿಯ ಕುಳ್ಳಿನಲ್ಲಿ ಒತ್ತಿ, ದನದ ಕೊಟ್ಟಿಗೆಯ ಒಳಗೋಡೆಗೆ ಬಡಿಯಬೇಕು. ಸಗಣಿಯೊಳಗಿನ ಬೀಜಕ್ಕೆ ಹುಳ ಹತ್ತುವುದಿಲ್ಲ, ಗೋಡೆಯ ಮೇಲಿದ್ದರೆ ಇಲಿ ಮುಟ್ಟುವುದಿಲ್ಲ. ಅದೇ ಗೋಡೆಗೆ ಉರುವಲಿನ ಕುಳ್ಳುಗಳನ್ನೂ ಬಡಿಯುತ್ತಿದ್ದೆವು. ಗುರುತಿಗೆ ಬೀಜದ ಕುಳ್ಳಿನ ಮುಖಕ್ಕೆ ಐದು ಜೋಳದ ಕಾಳು ಚುಚ್ಚುವುದು. ಜೂನ್ ತಿಂಗಳಲ್ಲಿ ಮೃಗದ ಮಳೆ ಬಿದ್ದಾಗ ಕುಳ್ಳನ್ನು ಇಳಿಸಿ, ನೆನೆಹಾಕಿ, ಮಡಿಯಲ್ಲಿ ಬಿತ್ತಿದರೆ ಆಯಿತು.

ಅತ್ತೆ ತೀರಿಕೊಂಡ ವರ್ಷ ನಾದಿನಿ ಕಾರ್ಯ ಮುಗಿಸಿಕೊಂಡು ಹೊರಟವಳು ಕೊಟ್ಟಿಗೆಗೆ ಹೋಗಿ ಗೋಡೆ ನೋಡಿ ಬಂದಳು. ಅತ್ತು ಅತ್ತು ಅವಳ ಮುಖ ಊದಿತ್ತು, ಬಾಯಿ ಮಾತ್ರ ಹಾಗೇ ಇತ್ತು.

"ವೈನಿ, ನಿನ್ನ ಕೈ ಯಾವಾಗ್ಲೂ ಒಲೀಕಡೇನ ಓಡತೈತಿ. ಅವ್ವನ ಬೀಜ ಜ್ವಾಕಿ."

"ನಿನ್ನ ಬೀಜ ನೀ ನೋಡ್ಕೊ. ನನ್ನ ಕೈ ನನಗ ಗೊತ್ತೈತಿ," ಎಂದೆ.

ಗೊತ್ತಿರಲಿಲ್ಲ.

ಎರಡು ವರ್ಷದ ಮೇಲೆ, ಯುಗಾದಿಯ ಹಿಂದಿನ ಸಂಜೆ ಅಡ್ಡಮಳೆ ಹೊಡೆಯಿತು. ಅಂಗಳದಲ್ಲಿ ಒಟ್ಟಿದ್ದ ಕುಳ್ಳಿನ ರಾಶಿ ತೊಯ್ದು ಅಂಬಲಿಯಾಯಿತು. ಹಬ್ಬದ ಬೆಳಗ್ಗೆ ಮನೆಮಂದಿಗೆಲ್ಲ ಎಣ್ಣೆ ಹಚ್ಚಿ ಎರೆಯಬೇಕು, ಹಂಡೆಯ ಕೆಳಗೆ ಬೆಂಕಿ ಹತ್ತುವುದಿಲ್ಲ. ನಾನು ಕತ್ತಲಲ್ಲೇ ಕೊಟ್ಟಿಗೆಗೆ ಹೋಗಿ ಗೋಡೆಯ ಒಣ ಕುಳ್ಳುಗಳನ್ನು ಸರಸರ ಕಿತ್ತು ಉಡಿಯಲ್ಲಿ ತುಂಬಿಕೊಂಡು ಬಂದು ಒಲೆಗೆ ತುರುಕಿದೆ. ಚೆನ್ನಾಗಿ ಹತ್ತಿದವು. ನಮ್ಮ ಮನೆಯವರು ಬಚ್ಚಲಲ್ಲಿ ಮಣೆಯ ಮೇಲೆ ಕುಳಿತು ಕೂಗುತ್ತಿದ್ದರು.

"ನೀರ ಕಾದಾವೋ ಇಲ್ಲೋ? ಎಣ್ಣಿ ಇಳದು ಕಣ್ಣಾಗ ಬರಾಕತ್ತೈತಿ."

"ಕಣ್ಣ ಮುಚ್ಕೊಂಡ ಕುಂದರ್ರಿ."

ಆಗ ಒಲೆಯೊಳಗೆ ಚಟ್ ಎಂದಿತು. ಜೋಳದ ಅಳ್ಳು ಹುರಿಯುವಾಗ ಸಿಡಿಯುತ್ತದಲ್ಲ, ಅದೇ ಸದ್ದು. ಎರಡನೆಯದಕ್ಕೆ ನನಗೆ ತಿಳಿಯಿತು. ಮೂರನೆಯದಕ್ಕೆ ಇಕ್ಕಳ ಹಿಡಿದೆ. ಎಳೆಯುವಷ್ಟರಲ್ಲಿ ನಾಲ್ಕು, ಐದು. ಒಂದು ಬಿಳಿ ಅಳ್ಳು ಹಾರಿ ನನ್ನ ಕಾಲ ಹತ್ತಿರ ಬಿತ್ತು. ಎಳೆದು ತೆಗೆದ ಕುಳ್ಳು ಕೆಂಡದ ಹಪ್ಪಳ, ಕೈಗೆ ಬರುವ ಮೊದಲೇ ಪುಡಿಯಾಯಿತು.

ನಾನು ಆ ಅಳ್ಳನ್ನು ಎತ್ತಿ ಒಲೆಗೇ ಹಾಕಿದೆ. ನಮ್ಮವರಿಗೆ ನೀರೆರೆದೆ. ಬೇವು ಬೆಲ್ಲ ತಿಂದೆ, ಹೋಳಿಗೆ ಬಡಿಸಿದೆ, ಯಾರಿಗೂ ಹೇಳಲಿಲ್ಲ. ಹೇಳಿ ಏನು ಮಾಡುವುದು? ಕಟಕೋಳದಲ್ಲಿ ಇನ್ನೊಂದು ಕುಳ್ಳು ಇದೆಯಲ್ಲ, ಏನಾದರೊಂದು ನೆವ ಮಾಡಿ ನಾಲ್ಕು ಬೀಜ ತರಿಸಿದರಾಯಿತು ಎಂದುಕೊಂಡೆ.

ವಾರದೊಳಗೆ ಆ ದಾರಿಯೂ ಮುಚ್ಚಿತು. ನಮ್ಮ ಮನೆಯವರು ಯಾರದೋ ಗೃಹಪ್ರವೇಶಕ್ಕೆ ಕಟಕೋಳಕ್ಕೆ ಹೋಗಿದ್ದವರು ತಂಗಿಯ ಮನೆಯಲ್ಲಿ ಉಂಡು ಬಂದರು. ಟೋಪಿ ಗೂಟಕ್ಕೆ ಹಾಕುತ್ತಲೇ ಹೇಳಿದರು:

"ಅಕೀ ಬಾವಿ ಬತ್ತೇತಂತ. ಟಮಾಟಿ ಬೀಜಾನೂ ಹೋದ್ವಂತ. ಕಾರ ಹುಣ್ಣಿವಿಗೆ ಬರತೇನಿ, ವೈನಿ ಕಡಿಂದ ಬೀಜ ಒಯ್ಯತೇನಿ ಅಂದ್ಲು. ಬಾ, ಗ್ವಾಡಿ ಮ್ಯಾಲ ಕುಳ್ಳ ಐತಿ ಅಂತ ಹೇಳಿ ಬಂದೇನಿ."

"ನಿಮ್ಮನ್ನ ಯಾರ ಕೇಳಿದ್ರು?"

"ಅಕೀನ ಕೇಳಿದ್ಲಲ್ಲ," ಎಂದರು, ನಾನು ಬೇರೆ ಭಾಷೆ ಮಾತಾಡಿದ ಹಾಗೆ ನೋಡುತ್ತ.

ಅಂದರೆ ನಾನು ಸುಟ್ಟದ್ದು ನಮ್ಮ ಮನೆಯ ಬೀಜವನ್ನಷ್ಟೇ ಅಲ್ಲ, ಇದ್ದದ್ದೆಲ್ಲವನ್ನೂ. ಊರಲ್ಲಿ ಎರಡು ಮನೆಗೆ ಮಜ್ಜಿಗೆಯ ನೆವ ಮಾಡಿಕೊಂಡು ಹೋಗಿ ಹಿತ್ತಲು ನೋಡಿ ಬಂದೆ. ಪಾಕೀಟು ಬೀಜದ ಗಿಡಗಳು, ಅವೂ ಒಣಗಿದ್ದವು. ಕಾರ ಹುಣ್ಣಿಮೆ ಬರುವುದು ಜೂನ್ ತಿಂಗಳಲ್ಲಿ. ಎರಡೂವರೆ ತಿಂಗಳು ಉಳಿದಿತ್ತು.

ನಮ್ಮದು ಎರೆ ನೆಲ. ಚೈತ್ರ ಬಂತೆಂದರೆ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಅಂಗಳದಲ್ಲಿ ಹಪ್ಪಳ ಹರವಿ ಒಳಗೆ ಹೋಗಿ ನೀರು ಕುಡಿದು ಬರುವಷ್ಟರಲ್ಲಿ ತಿರುವಿ ಹಾಕಲು ತಯಾರಾಗಿರುತ್ತವೆ. ಇಂಥ ಬಿಸಿಲಲ್ಲಿ ನಮ್ಮ ಕಡೆ ಯಾರೂ ಟೊಮೆಟೊ ಬೆಳೆಯುವುದಿಲ್ಲ. ಹಿಂದಿನ ಸಾಲಿನ ಗಿಡಗಳನ್ನು ನಾನೇ ಕಿತ್ತು ಎಮ್ಮೆಯ ಮುಂದೆ ಹಾಕಿ ತಿಂಗಳಾಗಿತ್ತು. ಉಳಿದದ್ದು ಒಂದೇ ಒಂದು ಗಿಡ. ಬಚ್ಚಲ ನೀರು ಹೊರಗೆ ಹೋಗುವ ಮೋರಿಯ ಬಾಯಿಯಲ್ಲಿ, ಕಲ್ಲಿನ ಸಂದಿಯಲ್ಲಿ ಅದಾಗಿ ಹುಟ್ಟಿದ್ದು. ಮೊಳದುದ್ದ ಇತ್ತು. ನಾನು ಅದರ ಮೇಲೆ ಎಷ್ಟು ಸಲ ಮುಸುರೆ ನೀರು ಚೆಲ್ಲಿದ್ದೆನೋ.

ಅದು ಜವಾರಿಯೋ, ಸಂತೆಯ ಟೊಮೆಟೊದ ಬೀಜ ಬಿದ್ದು ಹುಟ್ಟಿದ್ದೋ, ಅದೂ ಗೊತ್ತಿಲ್ಲ. ಎಲೆ ತಿಕ್ಕಿ ಮೂಸಿದೆ. ಟೊಮೆಟೊ ವಾಸನೆ ಬಂತು, ಅಷ್ಟೇ. ಬೇರೆ ದಾರಿ ಇರಲಿಲ್ಲ. ಈ ಗಿಡ ಒಂದು ಹಣ್ಣು ಕೊಡಬೇಕು, ಅದು ಜವಾರಿಯೇ ಆಗಿರಬೇಕು, ಕಾರ ಹುಣ್ಣಿಮೆಗೆ ಮೊದಲು ಆಗಬೇಕು.

ಹೊತ್ತಿಗೊಮ್ಮೆ ನೀರು ಹಾಕಿದೆ. ಗಿಡ ಬಾಡಿದ್ದು ಕಂಡರೆ ಕೊಡ ಎತ್ತುವುದು, ಮಟಮಟ ಮಧ್ಯಾಹ್ನವೂ. ನಮ್ಮ ಮನೆಯವರು ಎರಡು ದಿನ ನೋಡಿದರು.

"ಹೊಲಕ್ಕ ಹಾಕೂ ನೀರು ಮೋರಿಗೆ ಯಾಕ ಹಾಕಾಕತ್ತೀದಿ?"

"ಗಿಡಾ ಚಲೋ ಐತಿ, ಇರಲಿ ಬಿಡ್ರಿ."

ಅವರಿಗೆ ಏನನ್ನಿಸಿತೋ, ಹೆಂಡತಿಗೆ ಉಪಕಾರವಾಗಲೆಂದು ನನಗೆ ಹೇಳದೆ ಒಂದು ಹಿಡಿ ಯೂರಿಯಾ ಬುಡಕ್ಕೆ ಸುರುವಿದರು. ಎಂಟು ದಿನದಲ್ಲಿ ಗಿಡ ಕರಿಹಸಿರಾಗಿ ಮದುವಣಗಿತ್ತಿಯ ಹಾಗೆ ಮೈದುಂಬಿಕೊಂಡಿತು. ಎಲೆಯೋ ಎಲೆ. ಹೂವು ಒಂದೂ ಇಲ್ಲ. ನಾನು ಅವರಿಗೆ ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ. ಮತ್ತೆ ಹದಿನೈದು ದಿನ ಹೋಯಿತು. ಆಮೇಲೆ ಹಳದಿ ಹೂವು ಬಿಟ್ಟಿತು, ಒಂದು ಗೊಂಚಲಲ್ಲಿ ಐದು. ನಾಲ್ಕನೆಯ ದಿನ ಬೆಳಗ್ಗೆ ನೋಡಿದರೆ ಐದೂ ತೊಟ್ಟಿನ ಗಂಟಿನ ಹತ್ತಿರ ಹಳದಿಯಾಗಿ ನೆಲದ ಮೇಲೆ ಬಿದ್ದಿದ್ದವು. ಎರಡನೆಯ ಗೊಂಚಲೂ ಅದೇ.

ಬಿದ್ದ ಹೂವನ್ನು ಅಂಗೈಯಲ್ಲಿ ಹಿಡಿದುಕೊಂಡು ಮೋರಿಯ ಹತ್ತಿರ ಕುಕ್ಕರುಗಾಲಲ್ಲಿ ಕುಳಿತಿದ್ದೆ. ಸೊಸೆ ಪಾತ್ರೆ ತೊಳೆಯಲು ಬಂದಳು. ಬೈಲಹೊಂಗಲದ ಹುಡುಗಿ, ಬಂದು ವರ್ಷವಾಗಿತ್ತು, ಮಾತು ಕಡಿಮೆ. ಮಾತು ಕಡಿಮೆ ಇದ್ದವರಿಗೆ ಎಲ್ಲ ಗೊತ್ತಿರುತ್ತದೆ ಎಂದು ನನಗೆ ಅವತ್ತು ತಿಳಿಯಿತು.

"ಅತ್ತಿ, ಗ್ವಾಡಿ ಮ್ಯಾಲಿನ ಬೀಜದ ಕುಳ್ಳ ಎಲ್ಲೈತ್ರಿ?"

"ಇಲಿ ತಿಂದಿರಬೇಕು."

"ಇಲಿ ಕುಳ್ಳ ಸಮೇತ ತಿಂತಾವೇನ್ರಿ?"

ನಾನು ಕೈಯಲ್ಲಿದ್ದ ಹೂವನ್ನು ಮೋರಿಗೆ ಎಸೆದೆ. ಅವಳು ಬೂದಿಯಿಂದ ತಂಬಿಗೆ ತಿಕ್ಕುತ್ತ, ತಲೆ ಎತ್ತದೆ ಹೇಳಿದಳು:

"ಯುಗಾದಿ ದಿನಾ ಅಳ್ಳ ಸಿಡದದ್ದು ನಾನೂ ಕೇಳೀನ್ರಿ."

"ಮತ್ತ ಇಷ್ಟ ದಿನಾ ಯಾಕ ಬಾಯಿ ಬಿಡಲಿಲ್ಲ?"

"ನೀವ ಬಿಡಲಿಲ್ಲಲ್ರಿ."

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬೆನ್ನಿನ ಮೇಲಿನ ಜೋಳದ ಚೀಲವನ್ನು ಇನ್ನೊಬ್ಬರು ಒಂದು ಕಡೆಯಿಂದ ಹಿಡಿದುಕೊಂಡ ಹಾಗಾಯಿತು. ಅವತ್ತಿನಿಂದ ಆ ಗಿಡಕ್ಕೆ ಇಬ್ಬರಾದೆವು.

ನಮ್ಮೂರಿಗೆ ಸವದತ್ತಿಯಿಂದ ಸೈಕಲ್ ಮೇಲೆ ಕಾಯಿಪಲ್ಯ ತರುವ ಬಾಗವಾನ ಮುದುಕನೊಬ್ಬನಿದ್ದ. ಊರಿಗೆಲ್ಲ ಅವನು ಕಾಕಾ. ಅವನ ತಂದೆ, ಅಜ್ಜ ಎಲ್ಲ ತೋಟ ಮಾಡಿದವರು. ಸೊಸೆಯೇ ಅವನನ್ನು ಹಿತ್ತಲಿಗೆ ಕರೆತಂದಳು.

"ಕಾಕಾ, ಬ್ಯಾಸಗ್ಯಾಗ ಟಮಾಟಿ ಹೂ ಯಾಕ ಉದರತಾವ?" ಎಂದು ಕೇಳಿದೆ.

"ಈ ಬಿಸಲಾಗ ಯಾರಿಗೆ ಮಕ್ಕಳ ಹಡಿಯೂದು ಬೇಕಾಗೈತ್ರಿ ಅಕ್ಕಾರ?"

"ಚಾಷ್ಟಿ ಸಾಕು. ಮದ್ದ ಹೇಳು."

ಕಾಕಾ ಕುಳಿತು ಒಂದು ಹೂವನ್ನು ಉಗುರಿನಿಂದ ಸೀಳಿ ತೋರಿಸಿದ. "ಗಿಡಾ ಬಿಸಲಿಗೆ ಸಾಯೂದಿಲ್ರಿ. ಹೂವಿನೊಳಗ ಹಿಟ್ಟ ಇರತೈತಲ್ಲ, ಅದು ಒಣಗಿ ಅಂಟಕೊಂಡ ಬಿಡತೈತಿ. ಉದರಬೇಕಾದದ್ದು ಹಿಟ್ಟ. ಅದು ಉದರೂದಿಲ್ಲ, ಅದಕ್ಕ ಹೂವ ಉದರತೈತಿ. ಮುಂಜಾನಿ ಬಿಸಲ ಇರಲಿ, ಮಧ್ಯಾನದ್ದು ಬ್ಯಾಡ. ಪಡುವಲ ದಿಕ್ಕಿಗೆ ನೆರಳ ಮಾಡ್ರಿ. ನೀರ ಸಂಜೀಕ ಹಾಕ್ರಿ, ಎಲಿಗಲ್ಲ, ನೆಲಕ್ಕ. ಸುತ್ತ ನೆಲಾ ತಂಪಾದ್ರ ರಾತ್ರಿ ಗಿಡಾ ಉಸರಾಡತೈತಿ. ಮತ್ತ ಹೊತ್ತ ಏರೂಕಿಂತ ಮದಲ ಹೂವಿನ ತೊಟ್ಟಿಗೆ ಬೆರಳಿಲೆ ಒಂದ ಟಿಚಿಕಿ ಹೊಡೀರಿ. ಮೆತ್ತಗ, ಕೂಸಿನ ಗಲ್ಲಕ್ಕ ಹೊಡದಂಗ."

ಸೊಸೆ ಸೆರಗು ಬಾಯಿಗೆ ಹಿಡಿದಳು. "ಅತ್ತಿ ಹೊಡದ್ರ ಗಿಡಾನ ಬೀಳತೈತ್ರಿ ಕಾಕಾ. ನಾ ಹೊಡೀತೇನಿ."

"ಇನ್ನೊಂದ ಮಾತ," ಎಂದ ಕಾಕಾ ಸೈಕಲ್ ಎತ್ತುತ್ತ. "ಕಾಯಿ ನಿಂತ ಮ್ಯಾಲ ಕೈ ಬಿಗಿ ಹಿಡೀರಿ. ಭಾಳ ನೀರ ಕುಡದ ಕಾಯಿಗೆ ರುಚಿ ಇರೂದಿಲ್ಲ. ಆದ್ರ ಒಂದಿನ ಸುರವೂದು ಒಂದಿನ ಒಣಗಸೂದು ಮಾಡಬ್ಯಾಡ್ರಿ, ಕಾಯಿ ಬುಡಾ ಕರ್ರಗಾಗತೈತಿ. ಮತ್ತ ನನಗ ನಾಕ ಬೀಜ ಇಡ್ರಿ."

"ನೀ ಮಾರೂದು ಪಾಕೀಟ ಟಮಾಟಿ, ನಿನಗ್ಯಾಕ?"

"ಮಾರೂದು ಬ್ಯಾರೆ, ಉಣ್ಣೂದು ಬ್ಯಾರೆ ಅಕ್ಕಾರ."

ಅದು ನನಗೆ ಹಿಡಿಸಿತು.

ಪಶ್ಚಿಮದ ಕಡೆಗೆ ಜೋಳದ ಕಣಿಕೆಯ ತಡಿಕೆ ಕಟ್ಟಿದೆವು. ಮೇಲೆ ನನ್ನ ಹಳೆಯ ಇಳಕಲ್ಲ ಸೀರೆ ಹೊದಿಸಿದೆವು, ಅದು ಸವೆದು ಜಾಳಾಗಿತ್ತು, ಗಾಳಿ ಆಡುತ್ತಿತ್ತು. ಬುಡಕ್ಕೆ ಹೊಟ್ಟು ಹರವಿದೆವು. ನೀರಿನ ಹದ ಹೇಗೆ ಹಿಡಿಯುವುದು ಎಂದು ನಾನು ಯೋಚಿಸುತ್ತಿದ್ದಾಗ ಸೊಸೆ ಸೋರುವ ಒಂದು ಹಳೆಯ ಗಡಿಗೆ ತಂದಳು. ಅವಳ ತವರಲ್ಲಿ ಅವಳ ಅಜ್ಜಿ ಮಲ್ಲಿಗೆ ಬಳ್ಳಿಗೆ ಹೀಗೆ ಮಾಡುತ್ತಿದ್ದಳಂತೆ: ಗಡಿಗೆಯ ತೂತಿಗೆ ಅರಿವೆ ತುರುಕಿ, ಕುತ್ತಿಗೆ ತನಕ ಬುಡದ ಹತ್ತಿರ ಹೂಳಿ, ದಿನಾ ಸಂಜೆ ಒಮ್ಮೆ ತುಂಬುವುದು. ನೀರು ಬೇರಿಗೆ ತಾನೇ ಜಿನುಗುತ್ತದೆ. ನಾನು ಮೂವತ್ತು ವರ್ಷ ಒಕ್ಕಲುತನದ ಮನೆಯಲ್ಲಿದ್ದವಳು, ಇದು ನನಗೆ ಹೊಳೆದಿರಲಿಲ್ಲ. ಒಪ್ಪಿಕೊಳ್ಳುವುದಕ್ಕೇನು.

ದಿನಾ ಬೆಳಗ್ಗೆ ಎಮ್ಮೆ ಹಿಂಡುವ ಹೊತ್ತಿಗೆ ಸೊಸೆ ಹೋಗಿ ಹೂವಿಗೆ ಟಿಚಿಕಿ ಹೊಡೆದು ಬರುತ್ತಿದ್ದಳು. ಮೇ ತಿಂಗಳ ಮೊದಲ ವಾರ ಒಂದು ಬೆಳಗ್ಗೆ ಒಳಗೆ ಬಂದು, "ಅತ್ತಿ, ಬರ್ರಿ ಇಲ್ಲಿ," ಎಂದಳು. ರೊಟ್ಟಿ ಹಂಚಿನ ಮೇಲೆ ಬಿಟ್ಟು ಹೋದೆ. ಹೂವು ಬಾಡಿತ್ತು, ಆದರೆ ಬಿದ್ದಿರಲಿಲ್ಲ. ಬಾಡಿದ ಹೂವಿನ ಬುಡದಲ್ಲಿ ಕಡಲೆಕಾಳಿನಷ್ಟು ಹಸಿರು ಗುಂಡು. ಒಂದಲ್ಲ, ಮೂರು. ಹಂಚಿನ ಮೇಲಿನ ರೊಟ್ಟಿ ಸುಟ್ಟಿತು, ಸುಡಲಿ.

ಕಾಯಿ ಗೋಲಿಯಷ್ಟಾಗುವ ತನಕ ಕಾದೆ. ದುಂಡಗೆ ನುಣ್ಣಗೆ ಬಂದರೆ ಸಂತೆಯದು, ನಮ್ಮ ಕಷ್ಟವೆಲ್ಲ ಮೋರಿಗೆ. ಒಂದು ದಿನ ಬೆರಳಾಡಿಸಿದಾಗ ಮೈಮೇಲೆ ಗೆರೆ ಸಿಕ್ಕಿತು. ಮತ್ತೊಮ್ಮೆ ಸವರಿದೆ. ಗೆರೆಯೇ. ಅಷ್ಟು ಕುರೂಪದ ಕಾಯಿ ನೋಡಿ ಅಷ್ಟು ಹಿಗ್ಗಿದ್ದು ನಾನೊಬ್ಬಳೇ ಇರಬೇಕು.

ಮೂರರಲ್ಲಿ ಒಂದರ ಬುಡ ಕಪ್ಪಾಯಿತು. ಎರಡು ದಿನ ನಾವಿಬ್ಬರೂ ಬೈಲಹೊಂಗಲಕ್ಕೆ ಒಂದು ಮದುವೆಗೆ ಹೋದಾಗ ಗಡಿಗೆ ತುಂಬಲು ಮನೆಯವರಿಗೆ ಹೇಳಿದ್ದೆ. ಅವರು ಮೊದಲ ದಿನ ಮರೆತು, ಎರಡನೆಯ ದಿನ ಎರಡು ದಿನದ್ದನ್ನೂ ಸೇರಿಸಿ ಸುರುವಿದ್ದರು. ಇನ್ನೊಂದನ್ನು ಕೋಳಿ ಕುಕ್ಕಿತು. ನಮ್ಮ ಕೋಳಿಯಲ್ಲ, ಪಕ್ಕದ ಮನೆಯದು, ಆದರೂ ಬೈಗುಳ ಅದಕ್ಕೆ ತಲುಪಿತು. ಉಳಿದದ್ದು ಒಂದು. ಅದಕ್ಕೆ ಅರಿವೆಯ ಚೀಲ ಹೊಲಿದು ತೊಡಿಸಿದೆವು.

ಅದು ದೊಡ್ಡದಾಯಿತು. ಹಸಿರು ಹೋಗಿ ಬಿಳುಚಿತು. ಬಿಳುಪು ಹೋಗಿ ಹಳದಿಯಾಯಿತು. ಅಲ್ಲಿಗೆ ನಿಂತುಬಿಟ್ಟಿತು. ದಿನಾ ಚೀಲ ಬಿಚ್ಚಿ ನೋಡುವುದು, ಹಳದಿಯೇ. ಕೆಂಪಾಗದ ಹಣ್ಣಿನ ಬೀಜ ಬಲಿತಿರುತ್ತದೋ ಇಲ್ಲವೋ. ಕಾರ ಹುಣ್ಣಿಮೆಗೆ ಹನ್ನೆರಡು ದಿನ ಇತ್ತು. ಕಾಕಾ ಬಂದು ನೋಡಿ ನಕ್ಕ.

"ಈ ಧಗಿಯಾಗ ಗಿಡದಾಗ ಕೆಂಪ ಆಗೂದಿಲ್ರಿ ಅದು. ಹರದ ತಣ್ಣಗ ಇಡ್ರಿ."

ಹರಿದೆ. ನಡುಮನೆಯ ಕತ್ತಲ ಮೂಲೆಯಲ್ಲಿ ಜೋಳ ತುಂಬಿದ ದೊಡ್ಡ ಮಣ್ಣಿನ ಹರವಿ ಇತ್ತು. ಅದರ ಕಾಳಿನಲ್ಲಿ ಮೊಣಕೈ ತನಕ ಕೈ ಇಳಿಸಿ ಹಣ್ಣು ಹೂತಿಟ್ಟೆ. ಒಳಗೆ ಜೋಳ ತಣ್ಣಗಿತ್ತು. ಐದನೆಯ ದಿನ ತೆಗೆದಾಗ ಕೆಂಪು. ಪೂರಾ ಅಲ್ಲ, ಭುಜದ ಹತ್ತಿರ ಇನ್ನೂ ಹಳದಿ, ಆದರೆ ಒತ್ತಿದರೆ ಮೆತ್ತಗಿತ್ತು. ಈಳಿಗೆಗೆ ತಾಗಿಸಿದೆ. ತಾನೇ ಬಿಚ್ಚಿಕೊಂಡಿತು.

ಬೀಜ ಗಟ್ಟಿಯಾಗಿದ್ದವು, ಹಳದಿ, ಕೂದಲುಗೂದಲು. ಒಂದನ್ನು ಹಲ್ಲಿನಲ್ಲಿಟ್ಟು ನೋಡಿದೆ, ಕಟುಂ ಎಂದಿತು. ಬೀಜವನ್ನು ರಸದೊಂದಿಗೆ ಕುಡಿಕೆಗೆ ಬಳಿದು, ಉಳಿದ ತೊಳೆಗಳಿಗೆ ಉಪ್ಪು ಹಚ್ಚಿ ಅರ್ಧ ನಾನು, ಅರ್ಧ ಸೊಸೆ ತಿಂದೆವು. ಬಿಸಿ ಉಂಡು, ಕಡಿಮೆ ನೀರು ಕುಡಿದು ಬೆಳೆದ ಹಣ್ಣು. ಚಳಿಗಾಲದ ಹಣ್ಣಿಗಿಂತ ಹುಳಿ ಬಿಗಿ, ಸಿಹಿಯೂ ಬಿಗಿ. ಸೊಸೆ ಒಂದು ಕಣ್ಣು ಮುಚ್ಚಿ ತುಟಿ ಚಪ್ಪರಿಸಿದಳು.

"ಇದರ ಸಲುವಾಗಿ ಇಷ್ಟ ಮಾಡಿದ್ರಿ ಅನ್ರಿ."

"ಈಗ ಗೊತ್ತಾತು?"

"ಗೊತ್ತಾತ್ರಿ."

ಎರಡು ದಿನ ಬಿಟ್ಟು ಬೀಜ ತೊಳೆದು ಬೂದಿಯಲ್ಲಿ ಹೊರಳಿಸಿದೆವು. ಅರ್ಧವನ್ನು ಕುಳ್ಳಿನಲ್ಲಿ ಒತ್ತಿ, ಐದು ಕಾಳು ಚುಚ್ಚಿ, ಗೋಡೆಯ ಅದೇ ಜಾಗಕ್ಕೆ ಬಡಿದೆ. ಉಳಿದರ್ಧವನ್ನು ಸೊಸೆ ಒಂದು ಬಟ್ಟೆಗೆ ಹರವಿ ಒಣಗಿಸಿ, ಗಂಟು ಕಟ್ಟಿ, ತನ್ನ ಟ್ರಂಕಿನ ತಳಕ್ಕೆ ಹಾಕಿ ಕೀಲಿ ಹಾಕಿದಳು. ಕೀಲಿಕೈ ನನಗೆ ಕೊಡಲಿಲ್ಲ. ನಾನೂ ಕೇಳಲಿಲ್ಲ.

ನಾದಿನಿ ಹುಣ್ಣಿಮೆಯ ಹಿಂದಿನ ದಿನ ಮಧ್ಯಾಹ್ನದ ಬಸ್ಸಿಗೆ ಬಂದಳು. ಕಾಲು ತೊಳೆದಳು, ನೀರು ಕುಡಿದಳು, ಚಹಾ ಬೇಡ ಎಂದು ಸೀದಾ ಕೊಟ್ಟಿಗೆಗೆ ನಡೆದಳು. ನಾನು ಹಿಂದಿನಿಂದ ಹೋದೆ. ಗೋಡೆಯ ಮೇಲಿನ ಐದು ಕಾಳಿನ ಕುಳ್ಳು ನೋಡಿ ಅವಳ ಮುಖ ಅರಳಿತು. ಆಮೇಲೆ ಹೆಬ್ಬೆರಳು ಇಟ್ಟು ಒತ್ತಿದಳು.

ಇದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಹುಟ್ಟಿದಾಗಿನಿಂದ ಕುಳ್ಳು ತಟ್ಟಿದವಳಿಗೆ ಕುಳ್ಳಿನ ವಯಸ್ಸು ಗೊತ್ತಾಗುವುದಿಲ್ಲವೇ?

"ವೈನಿ, ಇದು ಮಾಘದ ಕುಳ್ಳ ಅಲ್ಲ. ಬಟ್ಟ ಇಳೀತು ನೋಡು. ಇದು ಮನ್ನೆ ಬಡದದ್ದು."

"ನಡಿ, ಚಾ ಆರತೈತಿ."

"ಚಾ ನಾ ಬ್ಯಾಡ ಅಂದೇನಿ. ಮಾಘದ್ದು ಎಲ್ಲಿ ಹೋತು?"

ಎರಡೂವರೆ ತಿಂಗಳು ಇದಕ್ಕೆ ಉತ್ತರ ಕೊಡಬಾರದೆಂದು ಪಟ್ಟ ಪಾಡು ಸಾಕಾಗಿತ್ತು. ಬೀಜ ಗೋಡೆಯ ಮೇಲಿತ್ತು, ಟ್ರಂಕಿನಲ್ಲಿತ್ತು. ಇನ್ನು ಏನು ಅಂದುಕೊಂಡರೂ ಅಂದುಕೊಳ್ಳಲಿ.

"ಒಲಿಗೆ ಹೋತು. ಯುಗಾದಿ ದಿನಾ. ಐದೂ ಕಾಳ ಸಿಡದ್ವು, ನಾ ಎಣಿಸೇನಿ."

ನಾದಿನಿ ನನ್ನ ಮುಖ ನೋಡಿದಳು. ಗೋದಲಿಯ ಕಟ್ಟೆಯ ಮೇಲೆ ಕುಳಿತಳು. ಅವಳ ಭುಜ ಅಲುಗಾಡತೊಡಗಿದ್ದು ಕಂಡು ಅವ್ವನ ನೆನಪಾಗಿ ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು. ಎಮ್ಮೆ ತಿರುಗಿ ನೋಡುವ ಹಾಗೆ ನಕ್ಕಳು.

"ನಂದು ಏಳ ಸಿಡದ್ವು ವೈನಿ. ನಾ ಏಳ ಕಾಳ ಚುಚ್ಚತೇನಿ."

"ಬಾವಿ ಬತ್ತಿತ್ತು ಅಂದಿದ್ದಿ?"

"ಬಾವಿನೂ ಬತ್ತಿತ್ತು, ಸುಳ್ಳಲ್ಲ. ಬೀಜ ಮಾತ್ರ ಒಲ್ಯಾಗ ಹೋದ್ವು. ಅಳ್ಯಾ ಬಂದಿದ್ದ, ಲಗೂನ ನೀರ ಕಾಸಬೇಕಾಗಿತ್ತು. ಅಣ್ಣಗ ಹೆಂಗ ಹೇಳ್ಲಿ? ನಿನ್ನ ಮುಂದ ಅಷ್ಟ ದೊಡ್ಡ ಮಾತ ಆಡಿ ಹೋಗಿದ್ನೆಲ್ಲ."

"ಆಡಿದ್ದಿ. ನನ್ನ ಕೈ ಒಲೀಕಡೆ ಓಡತೈತಿ ಅಂದಿದ್ದಿ."

"ನಮ್ಮ ಅವ್ವನ ಕೈನೂ ಓಡತಿತ್ತು," ಎಂದಳು ಕಣ್ಣೊರೆಸಿಕೊಳ್ಳುತ್ತ. "ನಾ ಸಣ್ಣಾಕಿದ್ದಾಗ ಒಮ್ಮಿ ಸುಟ್ಟಿದ್ಲು. ತನ್ನ ತವರೂರ ಚಚಡಿಗೆ ಹೋಗಿ ಮತ್ತ ತಂದ್ಲು. ಅದಕ್ಕ ನನ್ನ ಉಡ್ಯಾಗ ಕಟ್ಟಿದ್ದು. ಒಂದ ಮನ್ಯಾಗ ಸುಟ್ರ ಇನ್ನೊಂದ ಮನ್ಯಾಗ ಇರಲಿ ಅಂತ. ಎರಡೂ ಮನ್ಯಾಗ ಒಂದ ವರ್ಷ ಸುಡತಾವ ಅಂತ ಅಕೀಗೇನ ಗೊತ್ತು?"

ನನ್ನ ಅತ್ತೆ ಇಪ್ಪತ್ತೆಂಟು ವರ್ಷ ನನಗೆ ಕುಳ್ಳು ತಟ್ಟುವುದು, ಬಡಿಯುವುದು, ಇಳಿಸುವುದು ಎಲ್ಲ ಕಲಿಸಿದ್ದಳು. ಇದೊಂದನ್ನು ಹೇಳಿರಲಿಲ್ಲ. ಹೇಳಿದ್ದರೆ ಆ ಬೇಸಿಗೆ ನಾನು ಒಂದಿಷ್ಟು ನಿದ್ದೆಯಾದರೂ ಮಾಡುತ್ತಿದ್ದೆ.

ಮೃಗದ ಮಳೆ ಚೆನ್ನಾಗಿ ಬಿತ್ತು. ಕುಳ್ಳನ್ನು ನಡುವೆ ಮುರಿದು ಅರ್ಧ ನಾದಿನಿಯ ಉಡಿಗೆ ಹಾಕಿದೆ. ನಮ್ಮ ಅರ್ಧವನ್ನು ಮಡಿಗೆ ಹಾಕಿದ ಒಂಬತ್ತನೆಯ ದಿನಕ್ಕೆ ಮೊಳಕೆ ಕಂಡವು. ಬೆನ್ನು ಬಗ್ಗಿಸಿ ಎಣಿಸಲು ಹೋಗಿ ಅರ್ಧಕ್ಕೇ ಬಿಟ್ಟೆ, ಎಣಿಸುವ ಅಗತ್ಯವಿರಲಿಲ್ಲ, ಸಾಕಷ್ಟಿದ್ದವು. ಕಾಕಾನಿಗೆ ಬೀಜದ ಬದಲು ಹತ್ತು ಸಸಿಯನ್ನೇ ಕೊಟ್ಟೆ. ದೀಪಾವಳಿ ಕಳೆದು ಹಣ್ಣು ಬಂದಾಗ ನಮ್ಮ ಮನೆಯವರು ಚಟ್ನಿ ಹಚ್ಚಿಕೊಂಡು ಮೂರನೆಯ ರೊಟ್ಟಿ ಮುರಿಯುತ್ತ, "ಯೂರಿಯಾ ಹಾಕಿದ್ದಕ್ಕ ಇಷ್ಟ ಚಲೋ ಬಂದಾವ ನೋಡು," ಎಂದರು. ಬಡಿಸುತ್ತಿದ್ದ ಸೊಸೆ ನನ್ನ ಕಡೆ ನೋಡಿದಳು. ನಾನು ಇನ್ನೊಂದು ರೊಟ್ಟಿ ಹಾಕು ಎಂದೆ.

ಈಗ ಮನೆಗೆ ಗ್ಯಾಸ್ ಬಂದಿದೆ, ಆದರೆ ಹಂಡೆಯ ಒಲೆಗೆ ಇನ್ನೂ ಕುಳ್ಳೇ. ಬೀಜದ ಕುಳ್ಳನ್ನು ಬಡಿಯುವುದು ನಾನು, ಇಳಿಸುವುದು ಸೊಸೆ. ಟ್ರಂಕಿನ ಗಂಟು ಅವಳದೇ. ಫೋನು ಬಂದ ಮೇಲೆ ಪ್ರತಿ ಯುಗಾದಿಯ ಬೆಳಗ್ಗೆ ಮೊದಲ ಫೋನು ಕಟಕೋಳದ್ದೇ ಇರುತ್ತದೆ. ಹಬ್ಬದ ಶುಭಾಶಯ ಗಿಭಾಶಯ ಇಲ್ಲ.

"ಸಿಡದ್ವೇನ ವೈನಿ?"

"ಇಲ್ಲ. ನಿಂದು?"

"ಇಲ್ಲ."

"ಹಂಗಾರ ಇಡು, ನೀರ ಕಾದಾವ," ಎಂದು ನಾನು ಬಚ್ಚಲಿಗೆ ಹೋಗುತ್ತೇನೆ.